ಮಣ್ಣಿನ ಮನುಷ್ಯ, ಕಲ್ಲಿನ ಸಾಕ್ಷಿ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಗುಡ್ಡವನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಆ ಗುಡ್ಡಕ್ಕೆ ಹೆಸರು ಕೊಟ್ಟದ್ದು ಜನರ ಭಕ್ತಿ. ಅದರ ಕಲ್ಲಿನ ವಯಸ್ಸನ್ನು ಎಣಿಸುವುದು ಭೂವಿಜ್ಞಾನ. ಹೆಸರನ್ನು ಕೇಳಿದರೆ ವಯಸ್ಸು ತಿಳಿಯುವುದಿಲ್ಲ. ಕಲ್ಲನ್ನು ಒಡೆದರೆ ಹೆಸರು ಸಿಗುವುದಿಲ್ಲ. ಇದರಿಂದ ಯಾರಿಗೂ ಮನಸ್ತಾಪವಾಗಿಲ್ಲ. ಆದರೆ ಗುಡ್ಡದ ಮಾತು ಬಿಟ್ಟು ಮನುಷ್ಯನ ಹುಟ್ಟಿನ ಮಾತಿಗೆ ಬಂದೊಡನೆ ಈ ನೆಮ್ಮದಿ ಕದಡುತ್ತದೆ. ಕ್ರೈಸ್ತ ಮನೆಯ ಹುಡುಗನೊಬ್ಬ ಸಂಜೆಯ ಪ್ರಾರ್ಥನೆಯಲ್ಲಿ ಆದಾಮ ಮತ್ತು ಹವ್ವರ ಕಥೆಯನ್ನು ಕೇಳುತ್ತಾನೆ. ಬೆಳಗ್ಗೆ ಶಾಲೆಯಲ್ಲಿ ವಿಕಾಸದ ಪಾಠ ಓದುತ್ತಾನೆ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದರೆ ಅವನಿಗೆ ಏನು ಹೇಳಬೇಕು?

ಮೊದಲು ಕಲ್ಲಿನ ಸಾಕ್ಷಿಯನ್ನು ಕೇಳೋಣ. ಚಿತ್ರದುರ್ಗದ ಸೀಮೆ ಇದಕ್ಕೆ ಹೇಳಿಮಾಡಿಸಿದ ನೆಲ. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ನೀರಿನೊಳಗೆ ಉಕ್ಕಿ ಬಂದ ಲಾವಾರಸ ಥಟ್ಟನೆ ತಣಿದರೆ ಮಾತ್ರ ಇಂಥ ಆಕಾರ ಬರುತ್ತದೆ. ಅಂದರೆ ಇಂದು ಮಳೆಗೆ ಬಾಯಿಬಿಡುವ ಈ ನೆಲ ಒಮ್ಮೆ ನೀರಿನಡಿಯಲ್ಲಿತ್ತು. ಅದೂ 250 ಕೋಟಿ ವರ್ಷಗಳಿಗಿಂತ ಹಿಂದೆ. ಈ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿ ಅತಿಸೂಕ್ಷ್ಮ ಜೀವಿಗಳ ಗುಂಪುಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮೆಟೊಲೈಟುಗಳೂ ಸಿಕ್ಕಿವೆ.

ಇಷ್ಟು ದೊಡ್ಡ ಲೆಕ್ಕವನ್ನು ಊಹೆಯಿಂದ ಹೇಳುವುದಿಲ್ಲ. ಕಲ್ಲಿನೊಳಗಿನ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ. ಅದರ ಮುಖ್ಯ ಬಗೆಯೊಂದರಲ್ಲಿ ಅರ್ಧ ಭಾಗ ಮಾರ್ಪಡಲು ಸುಮಾರು 447 ಕೋಟಿ ವರ್ಷ ಬೇಕು. ಉಳಿದ ಯುರೇನಿಯಮ್ಮನ್ನೂ ಆದ ಸೀಸವನ್ನೂ ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ಗೊತ್ತಾದದ್ದೂ ಇಂಥ ಅಳತೆಗಳಿಂದಲೇ.

ಇನ್ನು ಮನುಷ್ಯನ ಮಾತು. ಮನುಷ್ಯನು ಇಂದಿನ ಕೋತಿಯಿಂದ ಹುಟ್ಟಿದನೆಂದು ವಿಜ್ಞಾನ ಹೇಳುವುದಿಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಹಲವು ದಶಲಕ್ಷ ವರ್ಷಗಳ ಹಿಂದೆ ಸಮಾನ ಪೂರ್ವಜರಿದ್ದರು ಎಂದಷ್ಟೇ ಹೇಳುತ್ತದೆ. ಚಿಂಪಾಂಜಿಗೆ 24 ಜೊತೆ ವರ್ಣತಂತುಗಳು, ನಮಗೆ 23. ನಮ್ಮ ಎರಡನೆಯ ವರ್ಣತಂತುವನ್ನು ಪರೀಕ್ಷಿಸಿದರೆ ಎರಡು ಹಳೆಯ ತಂತುಗಳು ತುದಿಗೆ ತುದಿ ಬೆಸೆದ ಗುರುತು ಈಗಲೂ ಕಾಣುತ್ತದೆ. ನಮ್ಮ ಜಾತಿಯದೆಂದು ಎಣಿಸಿದ ಅತಿ ಹಳೆಯ ಎಲುಬುಗಳು ಮೊರಾಕ್ಕೊ ದೇಶದಲ್ಲಿ ಸಿಕ್ಕಿವೆ. ಅವು ಸುಮಾರು 3 ಲಕ್ಷ ವರ್ಷದವೆಂದು 2017ರಲ್ಲಿ ಪ್ರಕಟವಾಯಿತು. ನಮ್ಮ ನಾಡಿನಲ್ಲೇ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಅದಕ್ಕಿಂತ ಬಹಳ ಹಿಂದಿನ ಆದಿಮಾನವರು ಕಲ್ಲಿನ ಆಯುಧಗಳನ್ನು ಮಾಡಿದ ಜಾಗವಿದೆ.

ದಕ್ಷಿಣದ ಈ ಕಲ್ಲಿನ ಆಯುಧಗಳ ಕಡೆಗೆ ಜನರ ಕಣ್ಣು ತೆರೆಸಿದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಮೊದಲ ಕಲ್ಲಿನ ಕೈಗೊಡಲಿ ಸಿಕ್ಕಿತು. ನಮ್ಮ ಭಾಗದ ಶಿಲೆಗಳಿಗೆ ಧಾರವಾಡದ ಹೆಸರನ್ನು ಇಟ್ಟವರೂ ಅವರೇ. ಅವರ ಮಾವ ಪೀಟರ್ ಪರ್ಸಿವಲ್, ಬೈಬಲನ್ನು ತಮಿಳಿಗೆ ತರಲು ದುಡಿದ ಪಾದ್ರಿ. ಕಲ್ಲೊಡೆಯುವ ಸುತ್ತಿಗೆಗೂ ಧರ್ಮಗ್ರಂಥಕ್ಕೂ ಒಂದೇ ಸಂಸಾರದಲ್ಲಿ ಜಾಗವಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಹಾಗಾದರೆ ಜಗತ್ತಿಗೆ ಆರು ಸಾವಿರ ವರ್ಷ ಎಂಬ ಮಾತು ಎಲ್ಲಿಂದ ಬಂತು? ಅದು ಬೈಬಲಿನಲ್ಲಿ ಎಲ್ಲಿಯೂ ಬರೆದಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ವಂಶಾವಳಿಗಳ ವರ್ಷಗಳನ್ನು ಕೂಡಿಸಿ, ಬೇರೆ ಇತಿಹಾಸಗಳೊಡನೆ ಹೊಂದಿಸಿ, ಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತೆಂದು 1650ರಲ್ಲಿ ಪ್ರಕಟಿಸಿದರು. ಮುಂದೆ ಮುದ್ರಕರು ಅದನ್ನು ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚುಹಾಕಿದರು. ಅಂಚಿನ ಲೆಕ್ಕವೇ ಕ್ರಮೇಣ ಗ್ರಂಥದ ಮಾತೆಂಬಂತೆ ಜನರ ಮನಸ್ಸಿನಲ್ಲಿ ಕೂತಿತು.

ಆದಿಕಾಂಡವನ್ನು ಸಾವಧಾನವಾಗಿ ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. ಮೊದಲ ಅಧ್ಯಾಯದಲ್ಲಿ ಗಿಡಮರ, ಪ್ರಾಣಿಗಳೆಲ್ಲ ಆದ ಮೇಲೆ ಮನುಷ್ಯ ಬರುತ್ತಾನೆ. ಎರಡನೆಯದರಲ್ಲಿ ಮನುಷ್ಯ ಮೊದಲು ಬಂದು, ಪ್ರಾಣಿಗಳು ಆಮೇಲೆ ಬಂದಂತೆ ತೋರುತ್ತದೆ. ಇವೆರಡನ್ನೂ ಹೊಂದಿಸಿ ಓದುವವರಿದ್ದಾರೆ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಉಳಿಸಿದವರಿಗೆ ಸೃಷ್ಟಿಯ ಅನುಕ್ರಮಕ್ಕಿಂತ ಬೇರೇನೋ ಮುಖ್ಯವಾಗಿತ್ತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹೀಬ್ರೂ ಭಾಷೆಯಲ್ಲಿ ಆದಾಮ ಎಂದರೆ ಮನುಷ್ಯ, ಅದಾಮಾ ಎಂದರೆ ಮಣ್ಣು. ಮನುಷ್ಯನು ಮಣ್ಣಿಗೆ ಸೇರಿದವನು, ಆದರೂ ದೇವರ ಉಸಿರನ್ನು ಪಡೆದವನು ಎಂಬುದು ಆ ಕಥೆಯ ತಿರುಳು.

ಈ ಬಗೆಯ ಓದು ಡಾರ್ವಿನ್ನನಿಗೆ ಹೆದರಿ ಹುಟ್ಟಿದ್ದಲ್ಲ. ಡಾರ್ವಿನ್ನನ ಗ್ರಂಥ ಹೊರಬಂದದ್ದು 1859ರಲ್ಲಿ. ಅದಕ್ಕೆ ಹದಿನಾಲ್ಕು ಶತಮಾನಗಳಿಗೂ ಹಿಂದೆ ಸಂತ ಅಗಸ್ಟೀನನು, ಸೂರ್ಯನೇ ನಾಲ್ಕನೆಯ ದಿನ ಬಂದಿರುವಾಗ ಅದಕ್ಕೆ ಮುಂಚಿನ ದಿನಗಳು ನಮ್ಮ ದಿನಗಳಂತಿರಲಾರವೆಂದು ಯೋಚಿಸಿದ್ದನು. ಪ್ರಕೃತಿಯ ವಿಷಯದಲ್ಲಿ ಬಲ್ಲವರ ಮುಂದೆ ಕ್ರೈಸ್ತರು ಧರ್ಮಗ್ರಂಥದ ಹೆಸರಿನಲ್ಲಿ ಅಜ್ಞಾನದ ಮಾತಾಡಿದರೆ ನಗೆಗೀಡಾಗುವುದು ಗ್ರಂಥವೇ ಎಂದೂ ಎಚ್ಚರಿಸಿದನು. ಆನುವಂಶಿಕತೆಯ ನಿಯಮಗಳನ್ನು ಬಟಾಣಿ ಗಿಡದಲ್ಲಿ ಕಂಡುಹಿಡಿದ ಗ್ರೆಗೊರ್ ಮೆಂಡೆಲ್ ಆ ಅಗಸ್ಟೀನನ ಹೆಸರಿನ ಮಠದವನೇ. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ಮನುಷ್ಯದೇಹ ಹಿಂದಿನ ಜೀವಿಗಳಿಂದ ಬಂದಿತೇ ಎಂದು ವಿಚಾರಿಸಲು ಅಡ್ಡಿಯಿಲ್ಲ, ಆತ್ಮ ಮಾತ್ರ ದೇವರ ನೇರ ಸೃಷ್ಟಿ ಎಂದರು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದದ್ದೆಂದು ಒಪ್ಪಿದರು.

ಹೀಗೆಂದ ಮಾತ್ರಕ್ಕೆ ತೊಡಕೆಲ್ಲ ತೀರಿತೆಂದು ತಿಳಿಯಬಾರದು. ನಿಜವಾದ ತೊಡಕು ವರ್ಷಗಳ ಲೆಕ್ಕದಲ್ಲಿಲ್ಲ, ಆದಾಮನಲ್ಲಿದೆ. ನಮ್ಮ ಪೂರ್ವಜರು ಯಾವ ಕಾಲದಲ್ಲಿಯೂ ಬರಿಯ ಇಬ್ಬರಷ್ಟೇ ಆಗಿರಲಿಲ್ಲ, ಸಾವಿರಾರು ಮಂದಿಯಿದ್ದರು ಎಂದು ವಂಶವಾಹಿಗಳ ಅಧ್ಯಯನ ಸೂಚಿಸುತ್ತದೆ. ವಿಜ್ಞಾನಿಗಳು ‘ಹವ್ವ’ ಎಂದು ಕರೆಯುವ ಆಫ್ರಿಕದ ಮೂಲಮಾತೆ ಕೂಡ ತನ್ನ ಕಾಲದ ಏಕೈಕ ಹೆಂಗಸಲ್ಲ. ಒಬ್ಬ ಆದಾಮನಿಂದ ಪಾಪವೂ ಮರಣವೂ ಜಗತ್ತಿಗೆ ಬಂದವೆಂದು ಸಂತ ಪೌಲನು ಬರೆದಿದ್ದಾನಲ್ಲ, ಅದರ ಗತಿಯೇನು? ಪ್ರಾಣಿಗಳ ಸಾವು ಮನುಷ್ಯನಿಗಿಂತ ಕೋಟ್ಯಂತರ ವರ್ಷ ಹಳೆಯದೆಂದು ಪಳೆಯುಳಿಕೆಗಳು ಹೇಳುತ್ತವೆ. ಕೆಲವರು ಆದಾಮನನ್ನು ಒಂದು ಮಾನವ ಸಮುದಾಯದ ಪ್ರತಿನಿಧಿಯೆಂದು ತಿಳಿಯುತ್ತಾರೆ. ಕೆಲವರು ಅವನಲ್ಲಿ ನಮ್ಮೆಲ್ಲರ ಚಿತ್ರವನ್ನು ಕಾಣುತ್ತಾರೆ. ಅಲ್ಲಿ ಹೇಳಿದ ಮರಣವು ದೇವರಿಂದ ದೂರವಾಗುವ ಮರಣವೆನ್ನುತ್ತಾರೆ. ಅಕ್ಷರಶಃ ನಂಬಿ ವಿಕಾಸವನ್ನು ಒಪ್ಪದವರೂ ಇದ್ದಾರೆ. ಈ ಚರ್ಚೆ ಸಭೆಗಳೊಳಗೆ ಇನ್ನೂ ನಡೆದಿದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಪುಸ್ತಕ ಮುಚ್ಚು ಎಂದು ಗದರಿಸಿದರೆ ಅವನು ಇಂದು ಸುಮ್ಮನಾಗುತ್ತಾನೆ. ನಾಳೆ ಕಾಲೇಜಿನಲ್ಲಿ ಸಾಕ್ಷ್ಯವನ್ನು ಕಂಡಾಗ, ಹಿರಿಯರು ತನ್ನಿಂದ ನಿಜ ಮುಚ್ಚಿಟ್ಟರೆಂದು ಪ್ರಾರ್ಥನೆಯನ್ನೂ ಕೈಬಿಡುತ್ತಾನೆ. ಬೈಬಲು ಹಳೆಯ ಕಟ್ಟುಕಥೆ ಎಂದು ತಳ್ಳಿಹಾಕಿದರೆ, ಮನುಷ್ಯನಿಗೆ ಬೆಲೆ ಬಂದದ್ದು ಎಲ್ಲಿಂದ ಎಂಬ ಅವನ ಎರಡನೆಯ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ದೇಹ ಹೇಗೆ ಬಂತೆಂಬುದನ್ನು ಕಲ್ಲು, ಎಲುಬು, ವಂಶವಾಹಿಗಳನ್ನು ಕೇಳಿ ತಿಳಿಯಬೇಕು. ಆ ದೇಹವುಳ್ಳವನು ನೆರೆಯವನೊಡನೆ ಹೇಗೆ ಬಾಳಬೇಕೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ತಾವು ಇಷ್ಟನ್ನು ತಿಳಿಸಿ, ಎಲ್ಲಿ ಹಿರಿಯರೇ ಇನ್ನೂ ಹುಡುಕುತ್ತಿದ್ದಾರೋ ಅಲ್ಲಿ ಹುಡುಕುತ್ತಿದ್ದೇವೆಂದೇ ಹೇಳಿದರೆ, ಹುಡುಗ ಪಾಠವನ್ನೂ ಓದುತ್ತಾನೆ, ಪ್ರಾರ್ಥನೆಗೂ ಬಂದು ಕೂರುತ್ತಾನೆ.