ಹೊಗೆ, ಬೆಂಕಿ ಮತ್ತು ಬ್ಯಾಂಕಿನ ಪರೀಕ್ಷೆ

ಬ್ಯಾಂಕಿನ ನೌಕರಿಯೆಂದರೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಒಂದು ಗೌರವವುಂಟು. ಸ್ಟೇಟ್ ಬ್ಯಾಂಕನ್ನುಳಿದು ಇತರ ಸರಕಾರಿ ಬ್ಯಾಂಕುಗಳಿಗೆ ಗುಮಾಸ್ತರನ್ನು ಆರಿಸುವ ಪರೀಕ್ಷೆ ನಡೆಸುವ ಐ.ಬಿ.ಪಿ.ಎಸ್. ಸಂಸ್ಥೆಯಿರುವುದೂ ನಮ್ಮ ಕಾಂದಿವಲಿಯಲ್ಲಿಯೇ. ೧೯೭೫ರಲ್ಲಿ ಬೇರೊಂದು ಸಂಸ್ಥೆಯ ವಿಭಾಗವಾಗಿ ಹುಟ್ಟಿದ ಇದು ೧೯೮೪ರಲ್ಲಿ ಸ್ವತಂತ್ರವಾಯಿತು.

ಇಂಥ ಪರೀಕ್ಷೆಗಳಿಗೆ ಸಿದ್ಧರಾಗುವ ಜಾಣ ಮಕ್ಕಳನ್ನೂ ಎಡವಿಸುವುದು ತರ್ಕಭಾಗದ ‘ಅನುಮಾನ’ದ ಪ್ರಶ್ನೆ. ಅನುಮಾನವೆಂದರೆ ಇಲ್ಲಿ ಸಂಶಯವಲ್ಲ. ಕಂಡುದರಿಂದ ಕಾಣದುದನ್ನು ತಿಳಿಯುವುದು. ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆಯನ್ನು ನೆನೆಯಿರಿ. ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡಿಗೆಮನೆಯಲ್ಲಿ ಕಂಡಿದ್ದೇವೆ. ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಆದರೆ ಬೆಂಕಿಯಿದೆಯೆಂದು ಹೊಗೆಯನ್ನು ಊಹಿಸಿದರೆ ತಪ್ಪಾದೀತು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿ?

ಪ್ರಶ್ನೆಯ ರೀತಿ ಹೀಗೆ: ಒಂದು ಚಿಕ್ಕ ಬರಹ, ಅದರ ಕೆಳಗೆ ಕೆಲವು ಹೇಳಿಕೆಗಳು. ಪ್ರತಿಯೊಂದೂ ಖಂಡಿತ ನಿಜವೋ, ಬಹುಶಃ ನಿಜವೋ, ಖಂಡಿತ ಸುಳ್ಳೋ, ಬಹುಶಃ ಸುಳ್ಳೋ, ಇಲ್ಲವೆ ಹೇಳಲು ಮಾಹಿತಿಯೇ ಸಾಲದೋ ತಿಳಿಸಬೇಕು. ನಮಗೆ ಪರಿಚಯದ ಸಂಗತಿಯನ್ನೇ ಕಲ್ಪಿಸಿಕೊಳ್ಳೋಣ.

“ಒಂದು ರಾತ್ರಿಶಾಲೆಯಲ್ಲಿ ೪೦ ವಿದ್ಯಾರ್ಥಿಗಳು. ಎಲ್ಲರೂ ಹಗಲು ದುಡಿಯುವವರು. ಅವರಲ್ಲಿ ೨೮ ಮಂದಿ ಹೋಟೆಲು ಕೆಲಸದವರು. ಎಸ್.ಎಸ್.ಸಿ. ಪರೀಕ್ಷೆಗೆ ಕುಳಿತ ೧೦ ಮಂದಿಯಲ್ಲಿ ೮ ಮಂದಿ ತೇರ್ಗಡೆಯಾದರು.”

‘ಹೋಟೆಲಿನಲ್ಲಿ ದುಡಿಯದವರು ೧೨ ಮಂದಿ’ — ಖಂಡಿತ ನಿಜ. ‘ತೇರ್ಗಡೆಯಾದ ಒಬ್ಬನಿಗೆ ಹಗಲು ಕೆಲಸವಿರಲಿಲ್ಲ’ — ಖಂಡಿತ ಸುಳ್ಳು. ‘ತೇರ್ಗಡೆಯಾದವರಲ್ಲಿ ಹೋಟೆಲು ಕೆಲಸದವರೂ ಇದ್ದಾರೆ’ — ಇಲ್ಲಿ ಅವಸರ ಸಲ್ಲದು. ಕುಳಿತ ಹತ್ತೂ ಮಂದಿ ಆ ಹನ್ನೆರಡರೊಳಗಿನವರೇ ಆಗಿರಬಹುದಷ್ಟೆ? ಆದುದರಿಂದ ಬಹುಶಃ ನಿಜ. ‘ಅವರಲ್ಲಿ ಹೋಟೆಲಿನವರು ಒಬ್ಬರೂ ಇಲ್ಲ’ ಎಂದರೆ ಬಹುಶಃ ಸುಳ್ಳು. ಅದೇ ೨೨ ಮಂದಿ ಕುಳಿತು ೧೮ ಮಂದಿ ತೇರ್ಗಡೆಯಾಗಿದ್ದರೆ? ಇತರರು ಹನ್ನೆರಡೇ, ಹೋಟೆಲಿನವರು ಕಡಿಮೆಯೆಂದರೂ ಆರು ಮಂದಿ. ಆಗ ‘ಬಹುಶಃ’ ಹೋಗಿ ‘ಖಂಡಿತ’ ಬರುತ್ತದೆ.

ಇನ್ನೊಂದು: ‘ಹೋಟೆಲಿನ ಹುಡುಗರು ಬಹಳ ಶ್ರಮಪಟ್ಟು ಓದುತ್ತಾರೆ.’ ನಮ್ಮ ಮನಸ್ಸು ತಟ್ಟನೆ ಹೌದೆನ್ನುತ್ತದೆ. ಎಷ್ಟೋ ಮನೆಗಳ ಹಿರಿಯರು ಹಾಗೆಯೇ ಓದಿದವರು. ಆದರೆ ಬರಹದಲ್ಲಿ ಶ್ರಮದ ಮಾತೇ ಇಲ್ಲ. ಮಾಹಿತಿ ಸಾಲದು. ಹೆಚ್ಚು ತಿಳಿದ ಮಕ್ಕಳು ಹೆಚ್ಚಾಗಿ ಜಾರುವುದು ಇಲ್ಲಿಯೇ. ತಮಗೆ ಗೊತ್ತಿರುವುದನ್ನು ಬರಹಕ್ಕೆ ಸೇರಿಸಿ ಓದುತ್ತಾರೆ. ಬ್ಯಾಂಕಿನ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಳೆಯುವರೆಂಬುದನ್ನೂ ಮರೆಯಬಾರದು.

ತಾಯಿತಂದೆಗಳು ಇದಕ್ಕೆ ನೆರವಾಗಬಹುದು. ದಿನಪತ್ರಿಕೆಯ ಒಂದು ಸುದ್ದಿಯನ್ನು ಓದಿಸಿ, ಮಗು ಏನು ಹೇಳಿದರೂ “ಅದು ಇದರಲ್ಲಿ ಎಲ್ಲಿದೆ?” ಎಂದು ಪ್ರೀತಿಯಿಂದ ಕೇಳಿರಿ. ಈ ಅಭ್ಯಾಸ ದೊಡ್ಡವರಿಗೂ ಒಳ್ಳೆಯದೇ. ನೆರೆಮನೆಯ ಹುಡುಗಿ ದಿನವೂ ಕೊನೆಯ ಲೋಕಲಿನಲ್ಲಿ ಬರುತ್ತಾಳೆಂಬುದಷ್ಟೇ ನಾವು ಕಂಡದ್ದು. ಏಕೆ ತಡವೆಂಬುದಕ್ಕೆ ನಮ್ಮಲ್ಲಿ ಮಾಹಿತಿ ಸಾಲದು. ಅಷ್ಟಕ್ಕೇ ನಿಲ್ಲಿಸಿದರೆ ಒಬ್ಬಳ ಹೆಸರು ಉಳಿದೀತು.