ಮೂಡಣ ಯಾವುದು, ಪಡುವಣ ಯಾವುದು?

ತಾಳಿಕೋಟೆಯ ಸೀಮೆಯ ಹಳ್ಳಿಗಳಲ್ಲಿ ದಾರಿ ಕೇಳಹೋದ ಪಟ್ಟಣಿಗನಿಗೆ ಒಮ್ಮೊಮ್ಮೆ ಒಂದು ಸಣ್ಣ ಪೇಚು ಕಾದಿರುತ್ತದೆ. ‘ಸ್ವಲ್ಪ ಮುಂದೆ ಹೋಗಿ ಎಡಕ್ಕೆ ತಿರುಗಿ’ ಎಂಬ ಉತ್ತರವನ್ನು ಅವನು ನಿರೀಕ್ಷಿಸಿದ್ದರೆ, ಕಟ್ಟೆಯ ಮೇಲೆ ಕುಳಿತ ಹಿರಿಯರು, ‘ಹಿಂಗ ಮೂಡಲಕ್ಕ ಹೋಗ್ರೆಪಾ, ಹಳ್ಳ ದಾಟಿ ತೆಂಕಲಕ್ಕ ಹೊರಳ್ರಿ’ ಎಂದುಬಿಡುತ್ತಾರೆ. ಗಡಿಯಾರ ನೋಡಬಲ್ಲ ನಮ್ಮ ಪಟ್ಟಣಿಗ ಆಕಾಶ ನೋಡುವುದನ್ನು ಮರೆತಿರುತ್ತಾನೆ. ನಡುಹಗಲಿನಲ್ಲಿ ಮೂಡಲ ಯಾವುದು, ಪಡುವಲ ಯಾವುದು?

ಇಂಗ್ಲಿಷಿನವರು ‘ಓರಿಯೆಂಟೇಷನ್’ ಎನ್ನುವ ಮಾತಿನ ಬೇರು ಹುಡುಕಿದರೆ ನಾವು ಬಂದು ನಿಲ್ಲುವುದು ಇದೇ ಕಟ್ಟೆಯ ಬಳಿಗೆ. ಲ್ಯಾಟಿನ್ ಭಾಷೆಯಲ್ಲಿ ‘ಓರಿಯೆನ್ಸ್’ ಎಂದರೆ ಮೂಡುತ್ತಿರುವ ಸೂರ್ಯ. ಅದರಿಂದ ಮೂಡಣ ದಿಕ್ಕು. ಸೂರ್ಯ ಮೂಡುವ ಕಡೆ ಮೂಡಣ, ಅವನು ಪಡುವ ಕಡೆ ಪಡುವಣ ಎಂದು ಕನ್ನಡಿಗರು ಹೆಸರಿಟ್ಟುದೂ ಅದೇ ರೀತಿಯಲ್ಲಿ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಒಬ್ಬನೇ ಸೂರ್ಯನನ್ನು ನೋಡಿ ಒಂದೇ ಮಾತನ್ನು ಆಡಿದುವು.

ಬಲಗೈಯೇ ದಕ್ಷಿಣ

ಸಂಸ್ಕೃತದವರ ಜಾಣತನ ಇನ್ನೂ ಸ್ವಾರಸ್ಯದ್ದು. ಉದಯಸೂರ್ಯನಿಗೆ ಮುಖಮಾಡಿ ನಿಂತವನ ದೇಹವೇ ಅವರಿಗೆ ದಿಕ್ಸೂಚಿ. ಮುಂದಿರುವುದು ಪೂರ್ವ, ಹಿಂದಿರುವುದು ಪಶ್ಚಿಮ, ಬಲಗೈಯ ಕಡೆ ದಕ್ಷಿಣ. ‘ದಕ್ಷಿಣ’ ಎಂಬ ಮಾತಿಗೆ ಬಲಗಡೆ ಎಂದೂ ಅರ್ಥವಿದೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದರಿಂದಲೇ ಅದು ಪ್ರದಕ್ಷಿಣೆ. ದಕ್ಷಿಣದಿಂದ ದಖ್ಖನ್ ಬಂತು, ದಖ್ಖನ್ನಿನಿಂದ ಬಿಜಾಪುರದ ದಖನಿ ಭಾಷೆಗೆ ಹೆಸರು ಬಂತು. ಅಂದಮೇಲೆ ಆ ಹೆಸರಿನೊಳಗೆ ಯಾವನೋ ಪ್ರಾಚೀನನ ಬಲಗೈ ಅಡಗಿದೆ ಎನ್ನಬಹುದಲ್ಲವೆ? ಅರಬ್ಬೀ ಭಾಷೆಯ ‘ಯಮನ್’ ಎಂಬ ನಾಡಿನ ಹೆಸರನ್ನೂ ಬಲಗೈಯೊಡನೆಯೇ ಜೋಡಿಸುತ್ತಾರೆ.

ನಮ್ಮಲ್ಲಿ ದಿಕ್ಕುಗಳಿಂದ ಜನರಿಗೂ ಕಲೆಗೂ ಹೆಸರು ಬಂದಿದೆ. ನೀಲಗಿರಿಯ ಬಡಗರು ಬಡಗಣದಿಂದ ಬಂದವರೆಂದು ಆ ಹೆಸರು ಪಡೆದರು. ಕರಾವಳಿಯ ಯಕ್ಷಗಾನ ತೆಂಕುತಿಟ್ಟು, ಬಡಗುತಿಟ್ಟು ಎಂದು ಎರಡಾಗಿ ಹರಿಯಿತು.

ಎಲ್ಲರ ಮುಖವೂ ಒಂದೇ ಕಡೆ

ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖಮಾಡಿರುತ್ತವೆ. ಅದಕ್ಕೊಂದು ಪ್ರಸಿದ್ಧ ಅಪವಾದ ಉಡುಪಿಯ ಕೃಷ್ಣ. ಅವನು ಪಡುವಣಕ್ಕೆ ನೋಡುತ್ತಾನೆ. ಕನಕದಾಸರಿಗೆ ದರ್ಶನ ಕೊಡಲು ಅವನು ತಿರುಗಿದನೆಂಬ ಐತಿಹ್ಯವನ್ನು ಕೇಳದ ಕನ್ನಡಿಗರು ವಿರಳ. ಮಸೀದಿಗಳಲ್ಲಾದರೋ, ಮೆಕ್ಕಾ ನಮ್ಮ ನಾಡಿಗೆ ಪಶ್ಚಿಮದ ಕಡೆ ಇರುವುದರಿಂದ, ಪಡುವಣ ಗೋಡೆಯಲ್ಲಿ ಮಿಹ್ರಾಬ್ ಇರುತ್ತದೆ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಬಿಜಾಪುರದ ಜುಮ್ಮಾ ಮಸೀದಿಯಲ್ಲಿಯೂ ಹಾಗೆಯೇ.

ಒಬ್ಬರದು ಮೂಡಣ, ಇನ್ನೊಬ್ಬರದು ಪಡುವಣ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಮೂಡಣಕ್ಕೆ ನೋಡುವ ದೇವರೆದುರು ಕೈಮುಗಿದು ನಿಂತ ಭಕ್ತನ ಮುಖ ಯಾವ ಕಡೆಗಿರುತ್ತದೆ? ಪಡುವಣಕ್ಕೆ! ನಮಾಜಿಗೆ ನಿಂತ ನೆರೆಯವನ ಮುಖವೂ ಅತ್ತಲೇ.

ದಿಕ್ಕು ತಪ್ಪಿಸಿದ ಯುದ್ಧ

ದಿಕ್ಕಿನ ವಿಷಯದಲ್ಲಿ ತಾಳಿಕೋಟೆಯ ಹೆಸರೇ ಒಂದು ಪಾಠ. ಡೋಣಿ ನದಿಯ ದಂಡೆಯ ಈ ಊರಿನ ಹೆಸರಿನಲ್ಲಿ ನಾವೆಲ್ಲ ಶಾಲೆಯಲ್ಲಿ ಒಂದು ಯುದ್ಧವನ್ನು ಬಾಯಿಪಾಠ ಮಾಡಿದೆವು. ಆದರೆ ಯುದ್ಧ ನಡೆದುದು ಇಲ್ಲಲ್ಲ. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರ ಸೈನ್ಯಗಳು 1564ರ ಡಿಸೆಂಬರಿನಲ್ಲಿ ಒಟ್ಟುಗೂಡಿದುದು ತಾಳಿಕೋಟೆಯಲ್ಲಿ. 1565ರ ಜನವರಿ 23ರಂದು ಕಾಳಗವಾದುದು ಹಲವು ಹರದಾರಿ ತೆಂಕಣಕ್ಕೆ, ಕೃಷ್ಣೆಯ ಕಡೆ. ಅದಕ್ಕೇ ಕೆಲವರು ಅದನ್ನು ರಕ್ಕಸಗಿ-ತಂಗಡಗಿ ಯುದ್ಧವೆನ್ನುತ್ತಾರೆ.

ಕೃಷ್ಣೆಯ ಹಾಯ್ಗಡವನ್ನು ವಿಜಯನಗರದವರು ಭದ್ರವಾಗಿ ಕಾದಿದ್ದರು. ಆಗ ಸುಲ್ತಾನರು ಹೂಡಿದ ಉಪಾಯವನ್ನು ಇತಿಹಾಸಕಾರ ಫಿರಿಷ್ತಾ ಬಣ್ಣಿಸಿದ್ದಾನೆ. ಬೇರೆಲ್ಲೋ ಹೊಳೆ ದಾಟುವವರಂತೆ ಅವರು ದಂಡೆಗುಂಟ ನಡೆದುಹೋದರು. ಎದುರು ದಂಡೆಯಲ್ಲಿ ವಿಜಯನಗರದ ಪಡೆಯೂ ಕಾವಲು ಬಿಟ್ಟು ಅವರ ಜೊತೆಜೊತೆಗೇ ಸಾಗಿತು. ಒಂದು ರಾತ್ರಿ ಸುಲ್ತಾನರ ಸೈನ್ಯ ತಟ್ಟನೆ ಹಿಂದಿರುಗಿ, ಬರಿದಾಗಿದ್ದ ಹಾಯ್ಗಡವನ್ನು ದಾಟಿಬಿಟ್ಟಿತು. ಮುಂದಿನದು ಸರ್ವವಿದಿತ. ಅಳಿಯ ರಾಮರಾಯ ಸೆರೆಸಿಕ್ಕಿ ತಲೆಯನ್ನು ತೆತ್ತ, ಅವನ ತಮ್ಮ ತಿರುಮಲ ರಾಜಧಾನಿಯನ್ನು ಬಿಟ್ಟು ಪೆನುಕೊಂಡೆಗೆ ಸರಿದ, ಹಂಪೆ ಹಾಳಾಯಿತು. ಸೋಲಿಗೆ ಕಾರಣಗಳು ಹಲವು. ಆದರೆ ಶತ್ರುವಿನ ಮುಖ ಎತ್ತ ಎಂಬುದನ್ನಷ್ಟೇ ನೋಡಿ, ಅವನ ಮನಸ್ಸು ಎತ್ತ ಎಂಬುದನ್ನು ಅರಿಯದೆ ಹೋದುದೂ ಅವುಗಳಲ್ಲಿ ಒಂದು.

ನೀವೇ ದಿಕ್ಕು

ಇಂದು ಓರಿಯೆಂಟೇಷನ್ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನಗಳ ಪರಿಚಯ ಕಾರ್ಯಕ್ರಮಕ್ಕೆ ಅದೇ ಹೆಸರು. ಕಾಗದವನ್ನು ಅಡ್ಡ ಅಚ್ಚುಮಾಡಬೇಕೋ ಉದ್ದವೋ ಎಂಬುದಕ್ಕೂ ಅದೇ. ಎಲ್ಲಕ್ಕಿಂತ ಮನಕಲಕುವ ಅರ್ಥ ವೈದ್ಯರದು. ಮರೆವು ಕವಿದ ವೃದ್ಧರನ್ನು ಅವರು ಸರಳವಾದ ಪ್ರಶ್ನೆಗಳನ್ನು ಕೇಳುತ್ತಾರೆ: ಇಂದು ಯಾವ ದಿನ? ಇದು ಯಾವ ಊರು? ಇವರು ಯಾರು? ಸಾಮಾನ್ಯವಾಗಿ ಕಾಲದ ಅರಿವು ಮೊದಲು ಮಸುಕಾಗುತ್ತದೆ, ಬಳಿಕ ಸ್ಥಳದ್ದು, ಕಡೆಗೆ ತನ್ನವರದು. ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕುಳಿತೇ ‘ಮನೆಗೆ ಕರಕೊಂಡು ಹೋಗ್ರಿ’ ಎನ್ನುವ ಅಜ್ಜಿಯನ್ನು ಕಂಡವರಿಗೆ ಆ ಸಂಕಟ ತಿಳಿದಿದೆ. ಅಂಥವರಿಗೆ ಯಾವ ಭೂಪಟವೂ ದಾರಿ ತೋರದು.

ಇಲ್ಲಿ ನಮ್ಮ ನುಡಿಯೊಂದು ನೆನಪಾಗುತ್ತದೆ. ಕನ್ನಡದಲ್ಲಿ ದಿಕ್ಕು ಎಂದರೆ ಪೂರ್ವ ಪಶ್ಚಿಮಗಳಷ್ಟೇ ಅಲ್ಲ, ಆಸರೆಯೂ ಹೌದು. ನಿರ್ಗತಿಕನನ್ನು ‘ದಿಕ್ಕಿಲ್ಲದವನು’ ಎನ್ನುತ್ತೇವೆ. ಸಂಕಟದಲ್ಲಿರುವವನು ‘ನೀವೇ ದಿಕ್ಕು’ ಎಂದು ಮೊರೆಯಿಡುತ್ತಾನೆ. ದಾರಿ ತಿಳಿಯದವನ ಕೈಹಿಡಿಯುವ ಮನುಷ್ಯನೇ ಅವನ ಪಾಲಿನ ದಿಕ್ಕು.

ಈ ಸಂಜೆ ನಿಮ್ಮ ಮಕ್ಕಳನ್ನು ಅಂಗಳಕ್ಕೋ ಮಾಳಿಗೆಗೋ ಕರೆದೊಯ್ದು, ಮೂಡಣ ಯಾವುದೆಂದು ಕೇಳಿ ನೋಡಿ. ಅವರು ತಡವರಿಸಿದರೆ ಗದರಿಸಬೇಡಿ. ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕರೆದು ತೋರಿಸಹೇಳಿ. ಇಂದು ದಿಕ್ಕು ತೋರಿಸಿದ ಆ ಕೈಯನ್ನು ಮುಂದೊಂದು ದಿನ ಹಿಡಿದು ನಡೆಸಬೇಕಾದವರು ಆ ಮಕ್ಕಳೇ ಅಲ್ಲವೆ?