ಚಳಿಗಾಲದಲ್ಲೂ ಹಸಿರಾಗಿರುವ ಬೇಲಿ ಗಿಡಗಳ ಆಯ್ಕೆ

ಹಿಂಗಾರಿ ಜೋಳ, ಕಡಲೆ ಹೊಲದಲ್ಲಿ ನಿಂತಿರುವಾಗಲೇ ಮುಂಗಾರಿ ಹೊಲಗಳು ಖಾಲಿಯಾಗಿ ದನಕರುಗಳು ಬಯಲಿಗೆ ಬರುತ್ತವೆ. ಅದೇ ಕಾಲಕ್ಕೆ ಮೂಡಣದ ಒಣಗಾಳಿ ಬೀಸಿ ನೆಲದ ಹಸಿಯನ್ನು ಹೀರುತ್ತದೆ. ಇವೆರಡನ್ನೂ ತಡೆಯಬೇಕಾದ ಬೇಲಿ ಆ ಹೊತ್ತಿಗೇ ಎಲೆ ಉದುರಿಸಿ ನಿಂತರೆ ಅದರಿಂದ ಪ್ರಯೋಜನ ಕಡಿಮೆ. ಇನ್ನು ಪ್ರತಿವರ್ಷ ಮುಳ್ಳು ಕಡಿದು ತಂದು ಬೇಲಿ ಕಟ್ಟಲು ಆಳು, ಬಂಡಿ ಎರಡೂ ಬೇಕು; ಕಟ್ಟಿದ ಮುಳ್ಳಿಗೆ ಗೆದ್ದಲು ಹತ್ತುತ್ತದೆ. ಆದ್ದರಿಂದ ವರ್ಷವಿಡೀ ಹಸಿರಾಗಿರುವ ಪೊದೆಗಿಡಗಳ ಜೀವಂತ ಬೇಲಿಯೇ ಲೇಸು. ಅದು ತಲೆ ಎತ್ತಲು ಮೂರು ವರ್ಷ ಬೇಕು. ಆಯ್ಕೆ ತಪ್ಪಿದರೆ ಆ ಮೂರು ವರ್ಷವೂ ವ್ಯರ್ಥ.

ನಮ್ಮ ಚಳಿಗಾಲದ ಸ್ವಭಾವ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳ ಒಣ ಪ್ರದೇಶದಲ್ಲಿ ಹಿಮ ಬೀಳುವುದಿಲ್ಲ. ರಾತ್ರಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ ಗಿಡಕ್ಕೆ ಅಪಾಯವಿಲ್ಲ. ಗಿಡವನ್ನು ಕಾಡುವುದು ಚಳಿಯಲ್ಲ, ಒಣಹವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದರೂ ಸಲ್ಲುತ್ತದೆ. ಎರೆಭೂಮಿಯಾದರೆ ಬಿರುಕು ಬಿಟ್ಟು ಎಳೆಯ ಬೇರುಗಳು ಹರಿಯುತ್ತವೆ. ಆದುದರಿಂದ ದಪ್ಪ ಇಲ್ಲವೆ ಅಂಟು ಲೇಪವಿರುವ ಎಲೆ ಹಾಗೂ ಆಳಕ್ಕೆ ಇಳಿಯುವ ಬೇರು ಇರುವ ಗಿಡಗಳನ್ನೇ ಆರಿಸಬೇಕು.

ಆರಿಸಬಹುದಾದ ಗಿಡಗಳು

1. ಬಂದರಿಕೆ: ಮಸಾರಿ ಹಾಗೂ ಗರಸು ನೆಲಕ್ಕೆ ಅತ್ಯುತ್ತಮ. ಎಲೆಯ ಮೇಲಿನ ಅಂಟು ನೀರು ಆರಿಹೋಗದಂತೆ ಕಾಯುತ್ತದೆ. ದನ, ಆಡುಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ, ಬಳಿಕ ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಬೇಕು. ನೀರು ನಿಲ್ಲುವ ನೆಲಕ್ಕೆ ಇದು ತಕ್ಕುದಲ್ಲ.

2. ಕವಳಿ: ದಪ್ಪ ಎಲೆ, ಗಟ್ಟಿ ಮುಳ್ಳು. ದನ ನುಗ್ಗದಂತೆ ತಡೆಯಲು ಇದಕ್ಕೆ ಸಾಟಿಯಿಲ್ಲ. ಕಾಯಿ ಉಪ್ಪಿನಕಾಯಿಗೆ ಆಗುತ್ತದೆ. ಬೆಳವಣಿಗೆ ಮಾತ್ರ ನಿಧಾನ. ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಎರೆಹೊಲದಲ್ಲಿ ಒಡ್ಡಿನ ಮೇಲೆ ನೆಡುವುದು ಒಳ್ಳೆಯದು.

3. ಆಡುಸೋಗೆ: ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಇದು ಅಪವಾದ. ಕಡ್ಡಿ ನೆಟ್ಟರೆ ಸಾಕು, ಚಿಗುರುತ್ತದೆ. ಸೊಪ್ಪು ಗೊಬ್ಬರಕ್ಕೆ ಒಳ್ಳೆಯದು. ಎಲೆ ಅಗಲ ಹಾಗೂ ಮೃದುವಾದ್ದರಿಂದ ಬಾವಿ, ಕಾಲುವೆ ಮಗ್ಗುಲಿಗೆ ಮಾತ್ರ ಯೋಗ್ಯ.

ಬೇಡವಾದವು

ಗ್ಲಿರಿಸಿಡಿಯ ಗೊಬ್ಬರದ ಸೊಪ್ಪಿಗೆ ಒಳ್ಳೆಯ ಗಿಡವೇ. ಆದರೆ ಒಣ ಜಾಗದಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಬರಿಗೊಂಬೆಯಲ್ಲಿ ಹೂ ಬಿಡುತ್ತದೆ. ಗಾಳಿ ತಡೆಯಲು ಅದನ್ನು ನಂಬುವಂತಿಲ್ಲ. ಕಣಗಿಲೆ ಸದಾ ಹಸಿರಾದರೂ ಅದರ ಎಲೆ ದನಗಳಿಗೆ ವಿಷ. ಬಳ್ಳಾರಿ ಜಾಲಿಯೂ ಹಸಿರಾಗಿಯೇ ಇರುತ್ತದೆ; ಆದರೆ ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಹರಡಿ ಹೊಲವನ್ನೇ ಆಕ್ರಮಿಸುತ್ತದೆ. ಹಸಿರಾಗಿದೆ ಎಂಬ ಒಂದೇ ಗುಣ ನೋಡಿ ಗಿಡ ಆರಿಸಬಾರದು.

ನಾಟಿ ಮತ್ತು ಆರೈಕೆ

ಜೂನ್-ಜುಲೈನಲ್ಲಿ ನೆಲ ಚೆನ್ನಾಗಿ ತೊಯ್ದ ಮೇಲೆ ಎರಡು ಸಾಲು ಮಾಡಿ, ಗಿಡದಿಂದ ಗಿಡಕ್ಕೆ ಸುಮಾರು 60 ಸೆಂ.ಮೀ. ಬಿಟ್ಟು ಓರೆಕೋರೆಯಾಗಿ ನೆಡಿರಿ. ಮೊದಲ ಚಳಿಗಾಲವೇ ಗಿಡಕ್ಕೆ ಪರೀಕ್ಷೆ, ಏಕೆಂದರೆ ಬೇರು ಆಗಿನ್ನೂ ಆಳಕ್ಕೆ ಇಳಿದಿರುವುದಿಲ್ಲ. ಬುಡಕ್ಕೆ ಜೋಳದ ಕೂಳೆ ಅಥವಾ ಒಣಸೊಪ್ಪು ಹೊದಿಸಿ, ಹದಿನೈದು ದಿನಕ್ಕೊಮ್ಮೆ ಒಂದೊಂದು ಕೊಡ ನೀರು ಕೊಟ್ಟರೆ ಗಿಡ ಉಳಿಯುತ್ತದೆ. ಎರಡನೆಯ ವರ್ಷದ ಮುಂಗಾರಿನಲ್ಲಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ಬುಡದಿಂದಲೇ ಟಿಸಿಲೊಡೆದು ಪೊದೆ ಒತ್ತಾಗುತ್ತದೆ. ಚಳಿಗಾಲದಲ್ಲಿ ಮಾತ್ರ ಸವರಬೇಡಿರಿ. ಹೊಸ ಚಿಗುರು ಒಣಗಾಳಿಗೆ ಬಾಡುತ್ತದೆ.

ಗಾಳಿ ತಡೆಯುವ ಬೇಲಿಯ ಪ್ರಭಾವ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಚೆನ್ನಾಗಿರುತ್ತದೆ. ಒಂದೂವರೆ ಮೀಟರ್ ಬೇಲಿ ಹದಿನೈದು ಮೀಟರ್‌ನಷ್ಟು ಬೆಳೆಯನ್ನು ಕಾಯಬಲ್ಲದು. ದೊಡ್ಡ ಹೊಲವಾದರೆ ಮೂಡಣದ ಅಂಚಿಗಷ್ಟೇ ಅಲ್ಲದೆ ಒಳಗಿನ ಒಡ್ಡುಗಳ ಮೇಲೂ ಸಾಲು ಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಪೊದೆಯ ಬೇರು ಪಕ್ಕದ ಸಾಲುಗಳ ಹಸಿಯನ್ನೂ ಹೀರುತ್ತದೆ. ಬಿಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಬೇಲಿಯಿಂದ ಒಂದು ಮೀಟರ್ ಒಳಗೆ 60 ಸೆಂ.ಮೀ. ಆಳದ ಕಿರುಗಾಲುವೆ ತೋಡಿ, ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅದನ್ನು ಹಸನು ಮಾಡಿ ಬೇರು ಕತ್ತರಿಸಿರಿ. ಈ ವರ್ಷ ಹೊಲದ ಒಂದೇ ಮಗ್ಗುಲಿಗೆ ನೆಟ್ಟು, ಅದು ಚಳಿಗಾಲ ದಾಟುವುದನ್ನು ಕಂಡು ಮುಂದಿನ ಮಳೆಗಾಲದಲ್ಲಿ ಉಳಿದ ಮಗ್ಗುಲುಗಳಿಗೆ ಮುಂದುವರಿಸುವುದು ಜಾಣತನ.